ಪಾರಿವಾಳ ಪಂದ್ಯದ ಫಲಿತಾಂಶ ಗಣನೆ: ಗಣಕಯಂತ್ರಪೂರ್ವದ ಕ್ರಮ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿಗೆ ಸೇರಿದ ಆವತಿಯು ಇತಿಹಾಸದ ಅಭ್ಯಾಸಿಗಳಿಗೆ ನಾಡಪ್ರಭುಗಳ ಮೂಲ ನೆಲೆಯೆಂದು ಪರಿಚಿತವಾದ ಊರು. ರಣಭೈರೇಗೌಡನ ಪರಂಪರೆಯವರು ಇಲ್ಲಿಂದಲೇ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳತ್ತ ಹರಡಿಕೊಂಡರೆಂಬ ಐತಿಹ್ಯ ಪ್ರಸಿದ್ಧವಾಗಿದೆ. ಇಲ್ಲಿ ಪರಿಶೀಲಿಸುವುದು ಆ ಚರಿತ್ರೆಯನ್ನಲ್ಲ, ಊರಿನ ಭೌಗೋಳಿಕ ಸ್ಥಾನವನ್ನು. ಆವತಿಯು ಬೆಂಗಳೂರಿನಿಂದ ಹೈದರಾಬಾದಿನ ಕಡೆಗೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿ, ನಗರದ ನಡುಭಾಗದಿಂದ ನೇರ ರೇಖೆಯಲ್ಲಿ ಸುಮಾರು 40 ಕಿ.ಮೀ. ಉತ್ತರಕ್ಕಿದೆ. ಉತ್ತರದ ಊರೊಂದರಲ್ಲಿ ಬಿಟ್ಟ ಪಂದ್ಯದ ಪಾರಿವಾಳಗಳು ಬೆಂಗಳೂರಿನ ಗೂಡುಗಳಿಗೆ ಮರಳುವಾಗ ಮೊದಲು ಈ ಸೀಮೆಯನ್ನು ದಾಟಬೇಕು. ಆವತಿಯಲ್ಲಿ ಒಂದು ಗೂಡು, ಬೆಂಗಳೂರಿನಲ್ಲಿ ಒಂದು ಗೂಡು ಇವೆಯೆಂದು ಭಾವಿಸಿದರೆ, ಇವುಗಳಲ್ಲಿ ಗೆದ್ದ ಹಕ್ಕಿ ಯಾವುದು? ಮೊದಲು ಮನೆ ಸೇರಿದ್ದೇ ಗೆದ್ದಿತೆನ್ನುವುದಾದರೆ ಆವತಿಯ ಹಕ್ಕಿ ಹಾರುವ ಮೊದಲೇ ಗೆದ್ದಂತಾಯಿತು. ಓಟದ ಪಂದ್ಯಕ್ಕೂ ಕುದುರೆಯ ಪಂದ್ಯಕ್ಕೂ ಇರುವ ಸಮಾನ ಗುರಿಗೆರೆ ಪಾರಿವಾಳದ ಪಂದ್ಯಕ್ಕಿಲ್ಲ. ಇಲ್ಲಿ ಎಷ್ಟು ಗೂಡುಗಳಿವೆಯೋ ಅಷ್ಟು ಗುರಿಗೆರೆಗಳು. ಆದುದರಿಂದ ಗೆಲುವು ನಿರ್ಣಯವಾಗುವುದು ಆಕಾಶದಲ್ಲಲ್ಲ, ಕಾಗದದ ಮೇಲೆ.

ಕರ್ನಾಟಕದಲ್ಲಿ ಪಾರಿವಾಳದ ಸ್ಪರ್ಧೆ ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು, ಗೂಡಿನ ಮೇಲೆಯೇ ಎತ್ತರಕ್ಕೇರಿ ಹೆಚ್ಚು ಹೊತ್ತು ಹಾರುವ ಹಕ್ಕಿಗಳ ಸ್ಪರ್ಧೆ. ಇದಕ್ಕೆ ಗಡಿಯಾರವೊಂದು ಮತ್ತು ನಿಷ್ಪಕ್ಷಪಾತಿಯಾದ ವೀಕ್ಷಕನೊಬ್ಬ ಸಾಕು, ಗಣಿತದ ತೊಡಕಿಲ್ಲ. ಇನ್ನೊಂದು, ಹೋಮರ್ ಎಂದು ಕರೆಯಲಾಗುವ, ದೂರದಿಂದ ಮನೆಗೆ ಮರಳುವ ತಳಿಯ ಪಂದ್ಯ. ಈ ಎರಡನೆಯ ಪದ್ಧತಿ 19ನೆಯ ಶತಮಾನದಲ್ಲಿ ಬೆಲ್ಜಿಯಂನಲ್ಲಿ ಬೆಳೆದು, ಬ್ರಿಟನ್ನಿನಲ್ಲಿ ನಿಯಮಬದ್ಧಗೊಂಡು, ಕಾಲಾನಂತರದಲ್ಲಿ ಚೆನ್ನೈ, ಬೆಂಗಳೂರುಗಳಲ್ಲಿಯೂ ನೆಲೆಯೂರಿತು. ಬ್ರಿಟಿಷ್ ನಿಯಮದೊಂದಿಗೆ ‘ನಿಮಿಷಕ್ಕೆ ಇಷ್ಟು ಗಜ’ ಎಂಬ ಮಾನವೂ ಬಂದಿತು; ದಶಮಾಂಶ ಪದ್ಧತಿಯಲ್ಲಿ ಅದೇ ‘ನಿಮಿಷಕ್ಕೆ ಇಷ್ಟು ಮೀಟರ್’ ಆಗುತ್ತದೆ. ಬಿಡುಗಡೆಯ ಸ್ಥಳದಿಂದ ಆಯಾ ಗೂಡಿಗಿರುವ ನೇರ ದೂರವನ್ನು ಹಾರಾಟದ ನಿಮಿಷಗಳಿಂದ ಭಾಗಿಸಿದರೆ ವೇಗ ದೊರೆಯುತ್ತದೆ. ವೇಗ ಹೆಚ್ಚಿರುವ ಹಕ್ಕಿಗೆ ಮೊದಲ ಸ್ಥಾನ. ಸೂತ್ರ ಇಷ್ಟೇ ಸರಳವಾದರೂ ಅದರ ಎರಡು ಪದಗಳು, ಅಂದರೆ ದೂರ ಮತ್ತು ಕಾಲ, ಎರಡೂ ಸುಲಭವಾಗಿ ಕೈಗೆ ಸಿಗುವಂಥವಲ್ಲ.

ಮೊದಲು ದೂರದ ವಿಚಾರ. ರಸ್ತೆಯ ಮೈಲಿಗಲ್ಲು ಇಲ್ಲಿ ನಿರುಪಯುಕ್ತ. ಹಕ್ಕಿ ಹಾರಿದ ನಿಜವಾದ ಹಾದಿ ಯಾರಿಗೂ ತಿಳಿಯದು. ನಿಯಮವು ಅದನ್ನು ಕೇಳುವುದೂ ಇಲ್ಲ. ಭೂಮಿಯ ಮೇಲ್ಮೈಯಲ್ಲಿ ಎರಡು ಬಿಂದುಗಳ ನಡುವಣ ಅತಿ ಹ್ರಸ್ವ ದೂರವೇ ಪ್ರಮಾಣ. ಈ ದೂರಕ್ಕೆ ಎರಡೂ ಬಿಂದುಗಳ ಅಕ್ಷಾಂಶ ರೇಖಾಂಶಗಳು ಬೇಕು, ಅವುಗಳಿಗೆ ಭೂಮಾಪನ ಇಲಾಖೆಯ ನಕ್ಷೆ ಬೇಕು. ಆ ನಕ್ಷೆಗಳ ಹಿಂದಿನ ತ್ರಿಕೋನಮಾಪನವು ಈ ಪ್ರದೇಶದಲ್ಲಿಯೇ ಮೊದಲ ಹೆಜ್ಜೆಗಳನ್ನಿಟ್ಟಿತೆಂಬುದು ಗಮನಾರ್ಹ. ನಾಲ್ಕನೆಯ ಮೈಸೂರು ಯುದ್ಧದ ಮರುವರ್ಷವೇ, 1800ರ ಅಂತ್ಯದಲ್ಲಿ, ವಿಲಿಯಂ ಲ್ಯಾಂಬ್ಟನ್ ಕೃಷ್ಣರಾಜಪುರ ಮತ್ತು ಅಗರಗಳ ನಡುವೆ ಸುಮಾರು 7.43 ಮೈಲಿ ಉದ್ದದ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದನು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಆರಂಭವಾದ ಮಹಾ ಮಾಪನಕ್ಕೆ ಇದು ಪೂರ್ವರಂಗ. ಆ ಮಾಪನದ ಕಚೇರಿಯಲ್ಲಿ ‘ಕಂಪ್ಯೂಟರ್’ ಎಂಬುದು ಯಂತ್ರದ ಹೆಸರಾಗಿರಲಿಲ್ಲ, ಹುದ್ದೆಯ ಹೆಸರಾಗಿತ್ತು. 1831ರಲ್ಲಿ ಸೇವೆಗೆ ಸೇರಿ, ಮುಂದೆ ಎವರೆಸ್ಟ್ ಶಿಖರದ ಎತ್ತರದ ಗಣನೆಯಿಂದ ಹೆಸರಾದ ರಾಧಾನಾಥ ಸಿಕ್ದಾರ್ ಅಂತಹ ಗಣಕರಲ್ಲೊಬ್ಬರು. ಪಾರಿವಾಳ ಸಂಘದ ಲೆಕ್ಕಿಗನು ಬಳಸುವ ಕೋಷ್ಟಕಗಳೂ ಕ್ರಮವೂ ಅವರು ಬಳಸಿದವುಗಳ ಕಿರಿಯ ಬಂಧುಗಳೇ.

ನಕ್ಷೆಯಲ್ಲಿ ಗೂಡನ್ನು ಗುರುತಿಸುವುದು ತಾಳ್ಮೆಯ ಕೆಲಸ. ಆವತಿಯು 57 ಜಿ/11 ಸಂಖ್ಯೆಯ ಹಾಳೆಯಲ್ಲಿ ಬರುತ್ತದೆ. ಬೆಂಗಳೂರಿನ ಕೋಟೆಯ ಪ್ರದೇಶವು 13 ಡಿಗ್ರಿ ಅಕ್ಷಾಂಶದ ಕೆಳಗಿರುವುದರಿಂದ 57 ಎಚ್/9 ಹಾಳೆಗೆ ಸೇರುತ್ತದೆ. ಹಾಳೆಯ ಅಂಚಿನ ಗುರುತುಗಳಿಂದ ಗೂಡಿನವರೆಗೆ ಅಳೆದು, ಅಕ್ಷಾಂಶ ರೇಖಾಂಶಗಳನ್ನು ಸೆಕೆಂಡುಗಳವರೆಗೆ ಬರೆದುಕೊಳ್ಳಬೇಕು. ಅಕ್ಷಾಂಶದ ಒಂದು ಮಿನಿಟು ಇಲ್ಲಿ ಸುಮಾರು 1,844 ಮೀಟರ್. ಒಂದು ಸೆಕೆಂಡು ಸುಮಾರು 31 ಮೀಟರ್. ಅನಂತರ ಎರಡು ಸ್ಥಳಗಳ ಅಕ್ಷಾಂಶದ ಅಂತರವನ್ನು ಕೋಷ್ಟಕದ ನೆರವಿನಿಂದ ಮೀಟರ್‌ಗೆ ತಿರುಗಿಸಬೇಕು. ರೇಖಾಂಶದ ಅಂತರವನ್ನೂ ಹಾಗೆಯೇ, ಆದರೆ ನಡು ಅಕ್ಷಾಂಶದ ಕೊಸೈನ್‌ಗೆ ಅನುಗುಣವಾಗಿ ತಗ್ಗಿಸಿ ತಿರುಗಿಸಬೇಕು. ಧ್ರುವದತ್ತ ಸಾಗಿದಂತೆ ರೇಖಾಂಶಗಳು ಒತ್ತೊತ್ತಾಗುವುದೇ ಇದಕ್ಕೆ ಕಾರಣ. ಹೀಗೆ ದೊರೆತ ಎರಡು ಭುಜಗಳಿಂದ ಲಂಬಕೋನ ತ್ರಿಭುಜದ ಕರ್ಣವನ್ನು ಲಾಗರಿದಮ್ ಕೋಷ್ಟಕದಿಂದ ಪಡೆಯಬೇಕು. ಕಾಲೇಜು ವಿದ್ಯಾರ್ಥಿಗಳ ಕೈಯಲ್ಲಿದ್ದ ಕ್ಲಾರ್ಕನ ನಾಲ್ಕಂಕಿಯ ಕೋಷ್ಟಕ ಇದಕ್ಕೆ ಸಾಲದು. ಅದರ ಕೊನೆಯ ಅಂಕಿಯ ಒಂದು ಹೆಜ್ಜೆಯೇ 460 ಕಿ.ಮೀ. ದೂರದಲ್ಲಿ ನೂರು ಮೀಟರಿಗೂ ಮಿಕ್ಕ ವ್ಯತ್ಯಾಸ. ಚೇಂಬರ್ಸರ ಏಳಂಕಿಯ ಕೋಷ್ಟಕದಂತಹ ಗ್ರಂಥ ಬೇಕಾಗುವುದು ಇದರಿಂದಲೇ. ಸಮಾಧಾನದ ಸಂಗತಿಯೆಂದರೆ ಪ್ರತಿ ಬಿಡುಗಡೆಯ ಸ್ಥಳಕ್ಕೂ ಪ್ರತಿ ಗೂಡಿಗೂ ಈ ಶ್ರಮ ಒಂದೇ ಬಾರಿ. ಗೂಡು ಸ್ಥಳ ಬದಲಿಸುವವರೆಗೆ ಆ ಅಂಕಿ ಬದಲಾಗದು.

ದೂರದ ವಿಷಯದಲ್ಲಿ ಎಚ್ಚರ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. 1946ರಲ್ಲಿ ಸ್ಥಾಪಿತವಾದ ಒರಿಸ್ಸಾ ಪೊಲೀಸ್ ಪಾರಿವಾಳ ಸೇವೆಯ ಹಕ್ಕಿಯೊಂದು 1948ರ ಏಪ್ರಿಲ್‌ನಲ್ಲಿ ಜವಾಹರಲಾಲ್ ನೆಹರು ಅವರ ಸಂದೇಶವನ್ನು ಸಂಬಲಪುರದಿಂದ ಕಟಕಕ್ಕೆ 5 ಗಂಟೆ 20 ನಿಮಿಷಗಳಲ್ಲಿ ತಲುಪಿಸಿತೆಂದೂ ದೂರ 265 ಕಿ.ಮೀ. ಎಂದೂ ಬರಹಗಳಲ್ಲಿ ರೂಢಿಯಾಗಿದೆ. ಹಾಗಾದರೆ ವೇಗ ನಿಮಿಷಕ್ಕೆ 828 ಮೀಟರ್. ಆದರೆ ಎರಡೂ ನಗರಗಳ ಅಕ್ಷಾಂಶ ರೇಖಾಂಶಗಳಿಂದ ಗಣಿಸಿದರೆ ನೇರ ದೂರ ಸುಮಾರು 228 ಕಿ.ಮೀ. ಮಾತ್ರ, ಪಂದ್ಯದ ನಿಯಮದಂತೆ ಆ ಹಕ್ಕಿಯ ವೇಗ 712ರ ಆಸುಪಾಸಿಗೆ ಇಳಿಯುತ್ತದೆ. ಮೊದಲಿನ ಅಂಕಿ ನೆಲದ ಹಾದಿಯ ಅಳತೆಯಾಗಿರಬೇಕು. ಹಕ್ಕಿಯ ಕೀರ್ತಿಗೆ ಇದರಿಂದ ಕುಂದಿಲ್ಲ, ಲೆಕ್ಕಕ್ಕೆ ಕುಂದಿದೆ.

ಕಾಲದ ಗಣನೆ ಇದಕ್ಕಿಂತ ಜಟಿಲ. ಪಂದ್ಯಕ್ಕೆ ಬುಟ್ಟಿ ತುಂಬುವ ಸಂಜೆ ಪ್ರತಿ ಹಕ್ಕಿಯ ಕಾಲಿಗೂ ಗುಪ್ತಸಂಖ್ಯೆಯುಳ್ಳ ರಬ್ಬರಿನ ಉಂಗುರವನ್ನು ತೊಡಿಸಲಾಗುತ್ತದೆ. ಹಕ್ಕಿ ಮನೆಗೆ ಬಂದರಷ್ಟೇ ಸಾಲದು, ಗೂಡಿನೊಳಗೆ ಇಳಿದು ಕೈಗೆ ಸಿಗಬೇಕು. ಮಾಲೀಕನು ಉಂಗುರವನ್ನು ಬಿಡಿಸಿ, ಪುಟ್ಟ ಲೋಹದ ಕುಪ್ಪಿಯಲ್ಲಿಟ್ಟು, ಮುದ್ರೆಯೊತ್ತಿದ ಗಡಿಯಾರದೊಳಕ್ಕೆ ಹಾಕಿ ಸನ್ನೆಯನ್ನು ಒತ್ತಿದಾಗ ಒಳಗಿನ ಕಾಗದದ ಮೇಲೆ ಸಮಯ ಅಚ್ಚಾಗುತ್ತದೆ ಅಥವಾ ರಂಧ್ರವಾಗಿ ದಾಖಲಾಗುತ್ತದೆ. ಬೆಲ್ಜಿಯಂನ ತುಲೆ, ಜರ್ಮನಿಯ ಬೆನ್ಸಿಂಗ್ ಮೊದಲಾದ ಗಡಿಯಾರಗಳು ಈ ಕಾರ್ಯಕ್ಕೆಂದೇ ತಯಾರಾದವು. ಇಂತಹ ಗಡಿಯಾರಗಳಿಲ್ಲದ ಕಾಲದಲ್ಲಿ ಉಂಗುರವನ್ನೋ ಹಕ್ಕಿಯನ್ನೇ ಆಗಲಿ ಹಿಡಿದುಕೊಂಡು ಸಂಘದ ಕಚೇರಿಗೆ ಓಡಬೇಕಾಗಿತ್ತು. ಓಟಕ್ಕೂ ಒಂದು ರಿಯಾಯಿತಿಯ ಲೆಕ್ಕವಿತ್ತು. ಛಾವಣಿಯ ಮೇಲೆ ಕುಳಿತು ಕೆಳಗಿಳಿಯದ ಹಕ್ಕಿಗೆ ಮಾತ್ರ ಅಂದಿಗೂ ಇಂದಿಗೂ ಯಾವ ರಿಯಾಯಿತಿಯೂ ಇಲ್ಲ.

ಸ್ಪ್ರಿಂಗಿನ ಗಡಿಯಾರಗಳಲ್ಲಿ ಯಾವೆರಡೂ ಒಂದೇ ನಡೆಯವಲ್ಲ. ಆದುದರಿಂದ ಪಂದ್ಯದ ಹಿಂದಿನ ಸಂಜೆ ಎಲ್ಲ ಗಡಿಯಾರಗಳನ್ನೂ ಒಂದು ಪ್ರಮಾಣ ಗಡಿಯಾರಕ್ಕೆ ಹೊಂದಿಸಿ ಮುದ್ರೆಯೊತ್ತಿ, ಪಂದ್ಯದ ನಂತರ ಮತ್ತೆ ತಾಳೆ ನೋಡುತ್ತಾರೆ. ಹೆಚ್ಚಿದ ಅಥವಾ ತಗ್ಗಿದ ಸೆಕೆಂಡುಗಳನ್ನು ಇಡೀ ಅವಧಿಗೆ ಸಮನಾಗಿ ಹಂಚಿ, ಹಕ್ಕಿ ಬಂದ ಕ್ಷಣದವರೆಗಿನ ಪಾಲನ್ನು ಮಾತ್ರ ತಿದ್ದುವುದು ಕ್ರಮ. ಇದು ತ್ರೈರಾಶಿಕವೇ. ಎರಡನೆಯ ದಿನಕ್ಕೆ ಮುಂದುವರಿಯುವ ದೀರ್ಘ ಪಂದ್ಯಗಳಲ್ಲಿ, ಹಕ್ಕಿ ಇರುಳಿನಲ್ಲಿ ಹಾರುವುದಿಲ್ಲವೆಂಬ ಗ್ರಹಿಕೆಯಿಂದ, ಕತ್ತಲೆಯ ಗಂಟೆಗಳನ್ನು ಕಳೆಯುವ ನಿಯಮವೂ ಇದೆ.

ಇವೆಲ್ಲವೂ ಸೇರಿ ಫಲಿತಾಂಶವನ್ನು ಹೇಗೆ ರೂಪಿಸುತ್ತವೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡಬಹುದು. ಬಿಡುಗಡೆಯ ಸ್ಥಳ ಹೈದರಾಬಾದ್ (17°23' ಉತ್ತರ, 78°29' ಪೂರ್ವ). ಗೂಡುಗಳು ಆವತಿಯಲ್ಲಿ (13°18', 77°43') ಮತ್ತು ಬೆಂಗಳೂರಿನಲ್ಲಿ (12°58', 77°35'). ಆವತಿಗೆ ಅಕ್ಷಾಂಶದ ಅಂತರ 451.83 ಕಿ.ಮೀ., ರೇಖಾಂಶದ ಅಂತರ 82.32 ಕಿ.ಮೀ., ಕರ್ಣ 459.27 ಕಿ.ಮೀ. ಇದೇ ರೀತಿಯಲ್ಲಿ ಬೆಂಗಳೂರಿಗೆ 498.18 ಕಿ.ಮೀ. ಹಕ್ಕಿಗಳನ್ನು ಬೆಳಿಗ್ಗೆ 7 ಗಂಟೆಗೆ ಬಿಡಲಾಯಿತೆನ್ನೋಣ. ಆವತಿಯ ಗಡಿಯಾರ ಮಧ್ಯಾಹ್ನ 2 ಗಂಟೆ 10 ನಿಮಿಷವನ್ನೂ ಬೆಂಗಳೂರಿನದು 2 ಗಂಟೆ 45 ನಿಮಿಷ 30 ಸೆಕೆಂಡನ್ನೂ ತೋರಿಸಿದವು. ಆವತಿಯ ಹಕ್ಕಿಯ ವೇಗ 459270 ÷ 430, ಅಂದರೆ ನಿಮಿಷಕ್ಕೆ 1068.07 ಮೀಟರ್. ಬೆಂಗಳೂರಿನ ಹಕ್ಕಿಯದು 498180 ÷ 465.5, ಅಂದರೆ 1070.20 ಮೀಟರ್. ಮೂವತ್ತೈದೂವರೆ ನಿಮಿಷ ತಡವಾಗಿ ಬಂದ ಬೆಂಗಳೂರಿನ ಹಕ್ಕಿಯೇ ಮುಂದು.

ಇನ್ನು ತಾಳೆಯ ಸರದಿ. ಹಿಂದಿನ ಸಂಜೆ 6 ಗಂಟೆಗೆ ಹೊಂದಿಸಿದ ಆವತಿಯ ಗಡಿಯಾರ ಮರುದಿನ ರಾತ್ರಿ 8 ಗಂಟೆಗೆ, ಅಂದರೆ 26 ಗಂಟೆಗಳ ನಂತರ, 90 ಸೆಕೆಂಡು ಮುಂದೋಡಿದ್ದು ಕಂಡುಬಂದಿತು, ಬೆಂಗಳೂರಿನದು ಸರಿಯಾಗಿತ್ತು. ಹಕ್ಕಿ ಬಂದದ್ದು ಹೊಂದಿಸಿದ 20 ಗಂಟೆ 10 ನಿಮಿಷಗಳ ನಂತರವಾದ್ದರಿಂದ ಅದರ ಪಾಲಿನ ತಿದ್ದುಪಡಿ 70 ಸೆಕೆಂಡು. ನಿಜವಾದ ಹಾರಾಟದ ಕಾಲ 428.83 ನಿಮಿಷ, ವೇಗ 1070.98. ಈಗ ಗೆದ್ದದ್ದು ಆವತಿಯ ಹಕ್ಕಿ. ಈ ಗೆಲುವಿನ ಅಂತರವನ್ನು ದೂರಕ್ಕೆ ಪರಿವರ್ತಿಸಿದರೆ ಸುಮಾರು 335 ಮೀಟರ್. ಮೈಲಿಗೆ ಒಂದಂಗುಲದ ಹಳೆಯ ನಕ್ಷೆಯಲ್ಲಿ ಅದು ಐದು ಮಿಲಿಮೀಟರಿಗಿಂತ ತುಸು ಹೆಚ್ಚು. ಗೂಡಿನ ಬದಲು ಊರಿನ ದೇವಾಲಯವನ್ನೋ ಕೆರೆಯ ಏರಿಯನ್ನೋ ಗುರುತು ಹಿಡಿದು ಅಳೆದಿದ್ದರೆ ಪದಕ ಮತ್ತೊಮ್ಮೆ ಕೈ ಬದಲಾಯಿಸಬಹುದು. ಸದಸ್ಯರು ಹಕ್ಕಿಯ ತಳಿಗಿಂತ ದೂರದ ಪಟ್ಟಿಯ ಬಗೆಗೇ ಹೆಚ್ಚು ವಾದಿಸಿದರೆ ಅದರಲ್ಲಿ ಅತಿಶಯವೇನೂ ಇಲ್ಲ. ಈ ಗಣಿತ ಸರಿದೂಗಿಸುವುದು ದೂರವನ್ನು ಮಾತ್ರ, ಗಾಳಿಯನ್ನಲ್ಲ. ಆವತಿಯನ್ನು ದಾಟಿದ ಮೇಲಿನ ಕೊನೆಯ ನಲವತ್ತು ಕಿ.ಮೀ.ಗಳಲ್ಲಿ ಎದುರುಗಾಳಿ ಬೀಸಿದರೆ ನಷ್ಟ ಬೆಂಗಳೂರಿನ ಹಕ್ಕಿಗೆ. ಅದಕ್ಕೆ ಯಾವ ಕೋಷ್ಟಕದಲ್ಲಿಯೂ ತಿದ್ದುಪಡಿಯಿಲ್ಲ.

ಗಣಕಯಂತ್ರವೂ ಕಾಲುಂಗುರದೊಳಗಿನ ವಿದ್ಯುನ್ಮಾನ ಚಿಪ್ಪೂ ಬಂದ ಮೇಲೆ ತ್ರೈರಾಶಿಕ, ಲಾಗರಿದಮ್‌ಗಳ ಶ್ರಮ ತಪ್ಪಿತು. ದೂರದ ಸಮಸ್ಯೆ ಮಾತ್ರ ಹೊಸ ವೇಷ ತೊಟ್ಟಿತು. ಹಳೆಯ ನಕ್ಷೆಗಳು 1830ರ ಎವರೆಸ್ಟ್ ದೀರ್ಘಗೋಳವನ್ನು ಆಧರಿಸಿವೆ. ಉಪಗ್ರಹ ಗ್ರಾಹಕಗಳು ತೋರಿಸುವ ಸ್ಥಾನಗಳು 1984ರ ಜಾಗತಿಕ ಮಾನಕ್ಕೆ ಸೇರಿದವು. ಒಂದೇ ಗೂಡಿಗೆ ಈ ಎರಡು ಮಾನಗಳಲ್ಲಿ ನೂರು ಮೀಟರಿಗೂ ಮಿಕ್ಕ ಸ್ಥಾನಭೇದ ಬರುತ್ತದೆ. ಬಿಡುಗಡೆಯ ಸ್ಥಳ ಮತ್ತು ಗೂಡು ಎರಡೂ ಒಂದೇ ಮಾನದಲ್ಲಿದ್ದರೆ ಈ ಭೇದ ಬಹುಮಟ್ಟಿಗೆ ತಾನಾಗಿಯೇ ಕಳೆದುಹೋಗುತ್ತದೆ. ಹಳೆಯ ಪಟ್ಟಿಯಿಂದ ಒಂದನ್ನು, ಹೊಸ ಉಪಕರಣದಿಂದ ಇನ್ನೊಂದನ್ನು ತೆಗೆದುಕೊಂಡಲ್ಲಿ ಅದು ಪೂರ್ತಿಯಾಗಿ ದೂರದೊಳಗೆ ಸೇರಿಕೊಳ್ಳಬಹುದು. ಸಂಘಗಳ ಹಳೆಯ ದೂರಪಟ್ಟಿಗಳನ್ನು ದಾಖಲೆಯಾಗಿ ಬಳಸುವವರು ಪ್ರತಿ ಅಂಕಿಯ ಪಕ್ಕದಲ್ಲಿ ಅದು ಯಾವ ಹಾಳೆಯಿಂದ, ಯಾವ ಮುದ್ರಣದಿಂದ ಅಳೆದದ್ದೆಂಬ ಟಿಪ್ಪಣಿ ಇದೆಯೇ ಎಂದು ಮೊದಲು ನೋಡುವುದು ಅಗತ್ಯ.