ಮಾಗಿಯ ಚಳಿಯಲ್ಲಿ ಕ್ಯಾಮರಾ

‘ಇದಕ್ಕ ಸೀಲ್ ಐತ್ರಿ ಸರ್, ಮಳಿ, ಧೂಳು ಏನೂ ಮಾಡಂಗಿಲ್ಲ’ ಎನ್ನುವ ಹುಡುಗರ ಮಾತು ಮುಕ್ಕಾಲು ಪಾಲು ನಿಜ. ಇಂಥ ಕ್ಯಾಮರಾದ ಗುಂಡಿಗಳ ಕೆಳಗೆ, ಬ್ಯಾಟರಿ ಬಾಗಿಲಲ್ಲಿ, ಲೆನ್ಸ್ ಕೂಡುವ ಕಡೆ ತೆಳುವಾದ ರಬ್ಬರ್ ಪಟ್ಟಿಗಳಿರುತ್ತವೆ. ಹನಿ, ಧೂಳನ್ನು ಅವು ತಡೆಯುತ್ತವೆ. ಲೆನ್ಸಿಗೂ ಅಂಥ ಪಟ್ಟಿ ಇರಬೇಕು. ಇಲ್ಲವಾದರೆ ಕೋಟೆ ಕಟ್ಟಿ ಅಗಸಿ ಬಾಗಿಲು ತೆರೆದಿಟ್ಟಂತೆ. ಆದರೆ ನೀರಾವಿಯ ಮಾತೇ ಬೇರೆ. ಜೂಮ್ ಲೆನ್ಸು ಉದ್ದ, ಗಿಡ್ಡ ಆದಾಗಲೆಲ್ಲ ಹೊರಗಿನ ಗಾಳಿ ಒಳಹೊಕ್ಕು ಬರುತ್ತದೆ; ಗಾಳಿಯೊಡನೆ ಆವಿಯೂ. ನಮ್ಮ ಕಡೆ ಮಾಗಿಯಲ್ಲಿ ಕಾಡುವುದು ಮಳೆಯಲ್ಲ, ಈ ಆವಿ.

ಡಿಸೆಂಬರ್ 13-14ರ ರಾತ್ರಿ ಜೆಮಿನಿಡ್ ಉಲ್ಕೆಗಳ ಚಿತ್ರ ತೆಗೆಯಲು ಹಾವೇರಿಯ ಹೊರಗಿನ ಹೊಲವೊಂದರಲ್ಲಿ ಕ್ಯಾಮರಾವನ್ನು ಆಕಾಶಕ್ಕೆ ಮುಖ ಮಾಡಿ ಇಟ್ಟಿದ್ದೀರಿ ಎನ್ನಿ. ನಡುರಾತ್ರಿ ಕಳೆದಂತೆ ನಕ್ಷತ್ರಗಳೆಲ್ಲ ಮಸುಕು. ಮೋಡ ಕವಿದಿಲ್ಲ, ಲೆನ್ಸಿನ ಮೇಲೆ ಇಬ್ಬನಿ ಕೂತಿದೆ. ತಿಳಿ ಆಕಾಶಕ್ಕೆ ತೆರೆದ ಗಾಜು ತನ್ನ ಶಾಖವನ್ನು ವಿಕಿರಣದ ಮೂಲಕ ಕಳೆದುಕೊಂಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಅದರ ಉಷ್ಣತೆ ಇಬ್ಬನಿ ಬಿಂದುವಿನ ಕೆಳಗಿಳಿದರೆ ಆವಿ ಅಲ್ಲಿಯೇ ನೀರಾಗುತ್ತದೆ. ಕಡಲೆ ಗಿಡ ತೊಯ್ಯುವುದೂ ಹೀಗೆಯೇ. (ನಸುಕಿನಲ್ಲಿ ಆ ಗಿಡಗಳ ಮೇಲೆ ಬಟ್ಟೆ ಹಾಸಿ ಹುಳಿ ಹಿಂಡುವ ನಮ್ಮ ಹಿರಿಯರಿಗೆ ಈ ಭೌತಶಾಸ್ತ್ರವನ್ನು ಯಾರೂ ಕಲಿಸಬೇಕಾಗಿರಲಿಲ್ಲ.) ಒರೆಸಿ ಪ್ರಯೋಜನವಿಲ್ಲ, ಗಾಜು ತಣ್ಣಗಿರುವ ತನಕ ಮತ್ತೆ ಕೂರುತ್ತದೆ. ದಪ್ಪ ಕಾಗದವನ್ನು ಕೊಳವೆಯಂತೆ ಸುತ್ತಿ, ಚೌಕಟ್ಟಿನಲ್ಲಿ ಕಾಣದಷ್ಟು ಲೆನ್ಸಿನ ಮುಂದಕ್ಕೆ ಚಾಚಿ ಕಟ್ಟಿರಿ. ಗಾಜಿಗೆ ಕಾಣುವ ಆಕಾಶ ಕಡಿಮೆಯಾಗಿ ಅದು ನಿಧಾನವಾಗಿ ತಣಿಯುತ್ತದೆ. ಪವರ್ ಬ್ಯಾಂಕಿನಿಂದ ನಡೆಯುವ ಬಿಸಿಪಟ್ಟಿಗಳೂ ಸಿಗುತ್ತವೆ.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾದದ್ದು, ಸುಮಾರು 119 ಚದರ ಕಿಲೋಮೀಟರ್. ಮುಂಜಾನೆ ಅಲ್ಲಿ ಚಿತ್ರ ತೆಗೆಯುವಾಗ ಅಪಾಯ ಕಡಿಮೆ; ಅಪಾಯವಿರುವುದು ಮನೆಗೆ ಮರಳಿದಾಗ. ತಣ್ಣಗಾದ ಕ್ಯಾಮರಾವನ್ನು ನೇರವಾಗಿ ರೊಟ್ಟಿ ಬೇಯುತ್ತಿರುವ, ನೀರು ಕುದಿಯುತ್ತಿರುವ ಅಡುಗೆಮನೆಗೆ ಒಯ್ದರೆ ಒಳಗೂ ಹೊರಗೂ ಹನಿ ಕಟ್ಟಬಹುದು. ಆ ತೇವ ಉಳಿದರೆ ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಷ್ಟು ಬೆಳೆಯುತ್ತದೆ. ಒಂದು ಹಂಗಾಮಿನ ಮೆಣಸಿನಕಾಯಿ ಹಣ ಸುರಿದು ಮಗನಿಗೆ ಕ್ಯಾಮರಾ ಕೊಡಿಸಿದ ತಂದೆ ತಾಯಿ ಇದನ್ನು ತಿಳಿದಿರಬೇಕು. ಹೊರಗೇ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ ಒಳತನ್ನಿ. ಹನಿ ಚೀಲದ ಹೊರಮೈಗೆ ಕಟ್ಟುತ್ತದೆ. ಕ್ಯಾಮರಾ ಮನೆಯ ಉಷ್ಣತೆಗೆ ಬಂದ ಮೇಲೆ ಬಿಚ್ಚಿರಿ.

ಹಿಮಾಚಲದ ಹಿಮಕ್ಕೆ ಹೋಗುವವರಿಗೆ ಇದೇ ನಿಯಮ ಇನ್ನಷ್ಟು ಕಟ್ಟುನಿಟ್ಟು. ಅಲ್ಲಿ ರಾಸಾಯನಿಕ ಕ್ರಿಯೆ ನಿಧಾನವಾಗಿ ಬ್ಯಾಟರಿಯೂ ಬೇಗ ಸೋಲುತ್ತದೆ. ಇನ್ನೊಂದನ್ನು ಒಳಜೇಬಿನಲ್ಲಿ, ಮೈಶಾಖದಲ್ಲಿ ಇಟ್ಟುಕೊಳ್ಳಿ.

ಬ್ಯಾಡಗಿಯಲ್ಲಿ ಮಾತ್ರ ಸೀಲಿನ ಬೆಲೆ ನಿಜವಾಗಿ ತಿಳಿಯುತ್ತದೆ. ಮಾಗಿಗೆ ಹೊಸ ಕಾಯಿ ಬರತೊಡಗಿದರೆ ಮಾರುಕಟ್ಟೆಯ ಗಾಳಿಯೇ ಕೆಂಪು. ಅಲ್ಲಿ ಲೆನ್ಸ್ ಬದಲಿಸಬೇಡಿ. ಬಿಚ್ಚಿದ ಕ್ಷಣದಿಂದ ಯಾವ ಸೀಲೂ ಇಲ್ಲ. ಧೂಳನ್ನು ಬಾಯಿಂದ ಊದದೆ ರಬ್ಬರ್ ಬುರುಡೆಯಿಂದ ಊದಿ, ಆಮೇಲೆ ಒರೆಸಿ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ನಂಬಿ ಅದೇ ಕೈಯಿಂದ ಕಣ್ಣು ಒರೆಸಿಕೊಳ್ಳಬೇಡಿ. ಘಾಟಿಗೆ ಸೀನು ಬಂದರೆ ಮುಖವನ್ನು ಕ್ಯಾಮರಾದಿಂದ ಆಚೆ ತಿರುಗಿಸಿ.