ಹದಿನಾಲ್ಕು ಕಿಲೋಮೀಟರಿನ ಅಳತೆ

ದಾವಣಗೆರೆಯ ಯಾವ ಓಣಿಯಲ್ಲಾದರೂ ಹೊಸ ಕಾರು ಬಂದು ನಿಂತರೆ, ಬಾನೆಟ್ಟಿನ ಮೇಲಿನ ಕುಂಕುಮ ಆರುವ ಮೊದಲೇ ಒಂದು ಪ್ರಶ್ನೆ ಬರುತ್ತದೆ: ‘ಎಷ್ಟು ಕೊಡ್ತೈತ್ರೀ?’ ಬಣ್ಣ, ಸೀಟು, ಎ.ಸಿ. ಎಲ್ಲ ಆಮೇಲೆ. ಲೀಟರಿಗೆ ಎಷ್ಟು ಕಿಲೋಮೀಟರ್ ಎನ್ನುವುದು ಮೊದಲು. ಹತ್ತಿ, ಮೆಕ್ಕೆಜೋಳ, ಅಡಿಕೆಗಳ ವ್ಯಾಪಾರದಲ್ಲಿ ಕೈ ಪಳಗಿದ ಊರು ಇದು. ಲೆಕ್ಕ ಕೇಳುವುದು ಇಲ್ಲಿ ಕುತೂಹಲವಲ್ಲ, ರೂಢಿ.

ಈ ಪ್ರಶ್ನೆಗೆ ಇಪ್ಪತ್ತು ವರ್ಷ ಒಂದೇ ಉತ್ತರವಿತ್ತು. ‘ಉಳಿಸಬೇಕಾ? ಡೀಸೆಲ್ ತಗೊಳ್ಳಿ.’ ಆ ಮಾತು ಈಗಲೂ ಬಾಯಿಂದ ಬಾಯಿಗೆ ದಾಟುತ್ತಿದೆ. ಅದನ್ನು ನಂಬಿ ಸಾಲ ಮಾಡಿ ಡೀಸೆಲ್ ಕಾರು ಕೊಂಡು, ದಿನಕ್ಕೆ ಆರೇಳು ಕಿಲೋಮೀಟರ್ ಓಡಿಸುವವರನ್ನು ವಿದ್ಯಾನಗರದಲ್ಲಿ, ನಿಟುವಳ್ಳಿಯಲ್ಲಿ ನೋಡಿದ್ದೇನೆ. ಅವರಿಗೆ ಹೇಳಬೇಕಾದ ಮಾತು ಇಷ್ಟೇ: ಕಾರು ಎಷ್ಟು ಕೊಡುತ್ತದೆ ಎನ್ನುವುದು ಅರ್ಧ ಪ್ರಶ್ನೆ. ನೀವು ಎಷ್ಟು ಓಡಿಸುತ್ತೀರಿ ಎನ್ನುವುದು ಉಳಿದರ್ಧ. ಈ ಎರಡನ್ನೂ ಕೂಡಿಸಿ ನೋಡಲು ನಮ್ಮ ಹತ್ತಿರ ಒಳ್ಳೆಯ ಅಳತೆಗೋಲೇ ಇದೆ. ಅದು ದಾವಣಗೆರೆಯಿಂದ ಹರಿಹರದವರೆಗಿನ ಸುಮಾರು 14 ಕಿಲೋಮೀಟರ್ ರಸ್ತೆ.

ಅಳತೆಯ ಮಾತು ಹರಿಹರಕ್ಕೆ ಹೊಸದಲ್ಲ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತುಂಗಭದ್ರೆಯ ದಡದ ಈ ದೇವಸ್ಥಾನದ ಊರನ್ನು ಲೇತ್ ಯಂತ್ರಗಳ ಊರನ್ನಾಗಿ ಮಾಡಿತು. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಅಲ್ಲಿ ದುಡಿದವರ ಮನೆಗಳಲ್ಲಿ ಒಂದು ಗುಣ ಮಾತ್ರ ಉಳಿದಿದೆ: ಲೇತಿನ ಮುಂದೆ ನಿಂತವರು ಅಂದಾಜಿಗೆ ಕಬ್ಬಿಣ ಕೊರೆಯುವುದಿಲ್ಲ, ಮೊದಲು ಅಳೆಯುತ್ತಾರೆ. ಕಾರು ಕೊಳ್ಳುವಾಗಲೂ ಬೇಕಾದದ್ದು ಆ ಗುಣವೇ.

ಡೀಸೆಲ್ ಹೆಚ್ಚು ಕೊಡುವುದೇಕೆ?

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ ಕಿಡಿ ಕೊಡುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಗಾಳಿಯನ್ನು ಅದರ ಮೂಲ ಗಾತ್ರದ ಹದಿನಾರರಲ್ಲಿ ಅಥವಾ ಹದಿನೆಂಟರಲ್ಲಿ ಒಂದು ಪಾಲಿಗೆ ಒತ್ತಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಹೆಚ್ಚು ಒತ್ತಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ಹೊರಡುತ್ತದೆ. ಜರ್ಮನಿಯ ಎಂಜಿನಿಯರ್ ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ ಇಂಧನದ ಶಕ್ತಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚನ್ನು ಕೆಲಸವಾಗಿ ಬದಲಿಸಿತ್ತು. ಆ ಕಾಲದ ಉಗಿಯಂತ್ರಗಳಿಗೆ ಅದು ಎಟುಕದ ಮಾತು.

ಇನ್ನೊಂದು ಕಾರಣ ನೇರವಾಗಿ ಬಂಕಿನಲ್ಲಿದೆ. ಡೀಸೆಲ್ ಪೆಟ್ರೋಲಿಗಿಂತ ಭಾರ. ಒಂದು ಲೀಟರ್ ಡೀಸೆಲ್‌ನಲ್ಲಿ ಒಂದು ಲೀಟರ್ ಪೆಟ್ರೋಲ್‌ಗಿಂತ ಶೇ 10ಕ್ಕೂ ಮೀರಿ ಹೆಚ್ಚು ಶಕ್ತಿ ಅಡಗಿದೆ. ನಾವು ಕೊಳ್ಳುವುದು ಲೀಟರಿನ ಲೆಕ್ಕದಲ್ಲಿ, ಆದ್ದರಿಂದ ಮೈಲೇಜ್ ಇನ್ನಷ್ಟು ಹೆಚ್ಚಾಗಿ ಕಾಣುತ್ತದೆ. ಇದರ ಜೊತೆಗೆ ಪೆಟ್ರೋಲ್‌ಗೆ ಈಗ ಶೇ 20ರಷ್ಟು ಎಥನಾಲ್ ಬೆರೆಯುತ್ತಿದೆ. ನಮ್ಮ ಜಿಲ್ಲೆಯ ಕಬ್ಬು, ಮೆಕ್ಕೆಜೋಳಗಳಿಗೆ ಅದು ಒಳ್ಳೆಯ ಮಾರುಕಟ್ಟೆ. ಆದರೆ ಎಥನಾಲ್‌ನಲ್ಲಿ ಶಕ್ತಿ ಕಡಿಮೆ, ಹಾಗಾಗಿ ಪೆಟ್ರೋಲ್ ಕಾರಿನ ಮೈಲೇಜ್ ಕೊಂಚ ಇಳಿಯುತ್ತದೆ.

ಎಳೆತದ ವಿಷಯ ಬೇರೆಯೇ ಇದೆ. ಐದು ಜನ ಕುಳಿತು, ಮೇಲೆ ಲಗೇಜ್ ಕಟ್ಟಿ, ಎ.ಸಿ. ಹಾಕಿ ಘಾಟಿ ಹತ್ತುವಾಗ ಡೀಸೆಲ್ ಕಾರು ಪದೇ ಪದೇ ಗೇರು ಬದಲಿಸದೆ ಎಳೆದುಕೊಂಡು ಹೋಗುತ್ತದೆ. ದೂರದ ಪ್ರಯಾಣ ಮಾಡುವವರು ಡೀಸೆಲ್ ಬಿಡಲೊಲ್ಲದಿರುವುದಕ್ಕೆ ದುಡ್ಡಿನಷ್ಟೇ ಇದೂ ಕಾರಣ.

ಅಂದಿನ ಉಳಿತಾಯ ಎಲ್ಲಿಂದ ಬಂತು?

ನಮ್ಮಲ್ಲಿ ಡೀಸೆಲ್ ಕಾರು ಮೊದಲು ಕಂಡದ್ದು ಅಂಬಾಸಿಡರ್ ರೂಪದಲ್ಲಿ, 1980ರ ಆಸುಪಾಸಿನಲ್ಲಿ. 1998ರ ಕೊನೆಯಲ್ಲಿ ಟಾಟಾ ಇಂಡಿಕಾ ಬಂದ ಮೇಲೆ ಅದು ಮಧ್ಯಮ ವರ್ಗದ ಅಂಗಳಕ್ಕೆ ಇಳಿಯಿತು. ಆಮೇಲೆ ಕ್ವಾಲಿಸ್, ಇನೋವಾ. ಫಿಯೆಟ್ ರೂಪಿಸಿದ 1.3 ಲೀಟರ್ ಎಂಜಿನ್ ಸ್ವಿಫ್ಟ್, ಡಿಜೈರ್, ಇಂಡಿಕಾ ವಿಸ್ಟಾಗಳಲ್ಲೆಲ್ಲ ಕುಳಿತ ಮೇಲಂತೂ ನಮ್ಮೂರಿನ ಪಿ.ಬಿ. ರಸ್ತೆಯಲ್ಲಿ ಡೀಸೆಲ್ ಕಾರುಗಳ ಸದ್ದೇ ಸದ್ದು.

ಆ ಸದ್ದಿನ ಹಿಂದೆ ಸರ್ಕಾರದ ಕೈಯಿತ್ತು. 2010ರ ಜೂನ್‌ನಲ್ಲಿ ಪೆಟ್ರೋಲ್ ದರ ಸರ್ಕಾರದ ಹಿಡಿತದಿಂದ ಬಿಡುಗಡೆಯಾಯಿತು. ಡೀಸೆಲ್ ಆಗಲಿಲ್ಲ. 2012ರ ಮೇ ಕೊನೆಗೆ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ ದಾಟಿದಾಗ ಡೀಸೆಲ್ 41ರ ಆಸುಪಾಸಿನಲ್ಲೇ ನಿಂತಿತ್ತು. ಲೀಟರಿಗೆ 32 ರೂಪಾಯಿ ಅಂತರ! ದೇಶದಲ್ಲಿ ಮಾರಾಟವಾಗುವ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್ ಆದದ್ದು ಆ ದಿನಗಳಲ್ಲೇ. 2013ರ ಜನವರಿಯಿಂದ ಡೀಸೆಲ್ ದರ ತಿಂಗಳಿಗೆ 50 ಪೈಸೆಯಂತೆ ಏರತೊಡಗಿತು. 2014ರ ಅಕ್ಟೋಬರ್‌ನಲ್ಲಿ ಅದೂ ಮುಕ್ತವಾಯಿತು. ಈಚೆಗೆ ನಮ್ಮ ರಾಜ್ಯದ ತೆರಿಗೆಯೂ ಡೀಸೆಲ್ ಮೇಲೆ ಹೆಚ್ಚು ಬಿತ್ತು. 2024ರ ಜೂನ್‌ನಲ್ಲಿ ಲೀಟರಿಗೆ ಮೂರು ರೂಪಾಯಿಗೂ ಹೆಚ್ಚು, 2025ರ ಏಪ್ರಿಲ್‌ನಲ್ಲಿ ಮತ್ತೆ 2 ರೂಪಾಯಿ. ಆ ಏರಿಕೆಯ ನಂತರ ಬೆಂಗಳೂರಿನಲ್ಲಿ ಪೆಟ್ರೋಲ್ ಸುಮಾರು 103, ಡೀಸೆಲ್ ಸುಮಾರು 91 ರೂಪಾಯಿ ಆಯಿತು. ಅಂತರ 12ಕ್ಕೆ ಇಳಿಯಿತು.

ಒಂದೇ ಮಾದರಿಯ ಪೆಟ್ರೋಲ್ ಕಾರು ಲೀಟರಿಗೆ 16, ಡೀಸೆಲ್ ಕಾರು 21 ಕಿಲೋಮೀಟರ್ ಕೊಡುತ್ತದೆ ಎಂದುಕೊಳ್ಳಿ. 2012ರ ದರದಲ್ಲಿ ಡೀಸೆಲ್‌ನವರಿಗೆ ಕಿಲೋಮೀಟರಿಗೆ ಸುಮಾರು 2 ರೂಪಾಯಿ 60 ಪೈಸೆ ಉಳಿಯುತ್ತಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬಂದದ್ದು ದರದ ಅಂತರದಿಂದ. ಈಗ ಪೆಟ್ರೋಲ್ 104, ಡೀಸೆಲ್ 92 ಎಂದಿಟ್ಟುಕೊಂಡರೆ ಉಳಿಯುವುದು 2 ರೂಪಾಯಿ 12 ಪೈಸೆ. ಅದರಲ್ಲಿ ಮುಕ್ಕಾಲು ಪಾಲು ಎಂಜಿನ್ನಿನ ಸ್ವಂತ ದುಡಿಮೆ. ಅಂದು ಸರ್ಕಾರ ಉಳಿಸಿಕೊಡುತ್ತಿತ್ತು, ಇಂದು ಎಂಜಿನ್ ಉಳಿಸಿಕೊಡಬೇಕು. ಓಡದ ಎಂಜಿನ್ ಏನನ್ನು ಉಳಿಸೀತು?

ಹರಿಹರಕ್ಕೆ ಹೋಗಿ ಬರುವವರ ಲೆಕ್ಕ

ಡೀಸೆಲ್ ಮಾದರಿಗೆ ಆನ್‌ರೋಡ್ ದರದಲ್ಲಿ ಒಂದೂವರೆ ಲಕ್ಷ ಹೆಚ್ಚು ಕೊಟ್ಟಿರಿ ಎನ್ನೋಣ. ಕಿಲೋಮೀಟರಿಗೆ 2 ರೂಪಾಯಿ 12 ಪೈಸೆಯಂತೆ ಅದು ಮರಳಿ ಕೈಸೇರಲು ಕಾರು ಸುಮಾರು 71,000 ಕಿಲೋಮೀಟರ್ ಓಡಬೇಕು.

ದಾವಣಗೆರೆಯಲ್ಲಿ ಮನೆ, ಹರಿಹರದಲ್ಲಿ ನೌಕರಿ ಇರುವವರನ್ನು ನೋಡಿ. ಹೋಗಿ ಬರಲು 28 ಕಿಲೋಮೀಟರ್. ವರ್ಷಕ್ಕೆ 300 ದಿನ ಎಂದರೆ 8,400. ಮೂರು ಸಲ ಬೆಂಗಳೂರಿಗೆ ಹೋಗಿಬಂದರೂ ಒಟ್ಟು 10,000 ಕಿಲೋಮೀಟರ್. ಹಾಕಿದ ಹೆಚ್ಚುವರಿ ಹಣ ಬರಲು ಏಳು ವರ್ಷ ಬೇಕು! ಅಷ್ಟರಲ್ಲಿ ಆ ಹಣದ ಮೇಲಿನ ಸಾಲದ ಬಡ್ಡಿ, ಪೆಟ್ರೋಲ್‌ಗಿಂತ ದುಬಾರಿಯಾದ ಸರ್ವಿಸ್ ಖರ್ಚು ಬೇರೆ ಬೆಳೆದಿರುತ್ತವೆ. ಊರೊಳಗೇ ತಿರುಗುವವರಿಗಂತೂ ಕಾರು ಹಳೆಯದಾದರೂ ಹಣ ಬರುವುದಿಲ್ಲ.

ಇದೇ ಊರಿನ ವ್ಯಾಪಾರಿಯೊಬ್ಬರು ವಾರಕ್ಕೆ ಎರಡು ಸಲ ಹುಬ್ಬಳ್ಳಿಗೆ ಹೋಗಿ ಬರುತ್ತಾರೆ ಎನ್ನಿ. ಒಂದು ಸಲಕ್ಕೆ ಸುಮಾರು 300, ವರ್ಷಕ್ಕೆ 30,000 ಕಿಲೋಮೀಟರ್. ಅವರ ಒಂದೂವರೆ ಲಕ್ಷ ಎರಡೂವರೆ ವರ್ಷದೊಳಗೆ ವಾಪಸ್. ಅಲ್ಲಿಂದ ಮುಂದೆ ವರ್ಷಕ್ಕೆ 60,000 ರೂಪಾಯಿಗೂ ಮೀರಿದ ನಿಜವಾದ ಉಳಿತಾಯ. ಇಂಥವರಿಗೆ ಡೀಸೆಲ್ ಬೇಡ ಎನ್ನುವುದು ತಪ್ಪು ಸಲಹೆ.

ಹೊಸ ಕಾರು ಕೊಳ್ಳುವವರು ತೆರಿಗೆಯ ಮೆಟ್ಟಿಲನ್ನೂ ನೋಡಬೇಕು. ಕರ್ನಾಟಕದಲ್ಲಿ ಕಾರಿನ ಆಜೀವ ತೆರಿಗೆ 5ರಿಂದ 10 ಲಕ್ಷದವರೆಗಿನ ಬೆಲೆಗೆ ಶೇ 14, 10 ದಾಟಿ 20 ಲಕ್ಷದವರೆಗೆ ಶೇ 17. ಪೆಟ್ರೋಲ್ ಮಾದರಿಗೆ 9.6 ಲಕ್ಷ, ಡೀಸೆಲ್‌ಗೆ 10.9 ಲಕ್ಷ ಬೆಲೆಯಿದ್ದರೆ ಕಣ್ಣಿಗೆ ಕಾಣುವ ಅಂತರ 1.3 ಲಕ್ಷ. ಮೆಟ್ಟಿಲು ದಾಟಿದ್ದೂ ಸೇರಿ ತೆರಿಗೆಯಲ್ಲೇ ಸುಮಾರು 50,000 ರೂಪಾಯಿ ಹೆಚ್ಚಾಗುತ್ತದೆ, ಸೆಸ್ ಅದರ ಮೇಲೆ. ಶೋರೂಂನಲ್ಲಿ ಕೇಳಬೇಕಾದದ್ದು ಎರಡೂ ಮಾದರಿಗಳ ಆನ್‌ರೋಡ್ ದರ, ಗೋಡೆಗೆ ಅಂಟಿಸಿದ ದರವಲ್ಲ.

ಮಸಿಯ ಜರಡಿ

ಲೆಕ್ಕ ಸರಿಹೊಂದಿದರೂ ಇನ್ನೊಂದು ವಿಷಯವಿದೆ. ಇದನ್ನು ಮಾರುವವರು ತಾವಾಗಿ ಹೇಳುವುದು ಅಪರೂಪ.

2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಜಾರಿಗೆ ಬಂತು. ಡೀಸೆಲ್ ಕಾರಿನ ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿದಿಡುವ ಡಿಪಿಎಫ್ ಎಂಬ ಜರಡಿ ಕುಳಿತುಕೊಂಡಿತು. ಈ ಖರ್ಚು ಸಣ್ಣ ಕಾರಿಗೆ ಹೊರೆಯೆಂದು ಮಾರುತಿ ಸುಜುಕಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಜರಡಿಯಲ್ಲಿ ತುಂಬಿದ ಮಸಿ ಸುಟ್ಟು ಬೂದಿಯಾಗಬೇಕಾದರೆ ಹೊಗೆಯ ಕಾವು 600 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬೇಕು. ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮನೆ ವೇಗದ ಓಟ ಬೇಕು.

ಈಗ ನಮ್ಮ ಅಳತೆಗೋಲನ್ನು ಇಲ್ಲಿ ಇಡಿ. ದಾವಣಗೆರೆಯ ಸಿಗ್ನಲ್‌ಗಳನ್ನು ದಾಟಿ, ದೊಡ್ಡಬಾತಿ ಬರುವ ಹೊತ್ತಿಗೆ ಎಂಜಿನ್ ತಕ್ಕಷ್ಟು ಕಾದಿರುತ್ತದೆ. ಜರಡಿಯ ಮಸಿ ಸುಡತೊಡಗುವಷ್ಟರಲ್ಲಿ ಹರಿಹರದ ಜನಜಂಗುಳಿ ಎದುರಾಗುತ್ತದೆ. ಕಾರು ನಿಲ್ಲುತ್ತದೆ, ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಹೀಗೆ ಮತ್ತೆ ಮತ್ತೆ ಆದರೆ ಸುಡದೆ ಉಳಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹೊತ್ತುತ್ತದೆ. ದೀಪ ಕಂಡೂ ಹಾಗೇ ಓಡಿಸಿದರೆ ಜರಡಿ ಪೂರ್ತಿ ಕಟ್ಟಿಕೊಂಡು ದೊಡ್ಡ ಬಿಲ್ ತರುತ್ತದೆ. ಈಗಾಗಲೇ ಬಿಎಸ್ 6 ಡೀಸೆಲ್ ಕಾರು ಇರುವವರು ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಚಿತ್ರದುರ್ಗದ ಕಡೆಗೋ ರಾಣೆಬೆನ್ನೂರಿನ ಕಡೆಗೋ ಅರ್ಧ ಗಂಟೆ ಬಿಡದೆ ಓಡಿಸಿ ಬರುವುದು ಒಳ್ಳೆಯದು. ಆದರೆ ಜರಡಿಯ ಮಸಿ ಸುಡಲೆಂದೇ ಡೀಸೆಲ್ ಸುಡಬೇಕಾಗಿ ಬಂದರೆ, ಉಳಿತಾಯಕ್ಕೆಂದು ಕೊಂಡ ಕಾರು ನಮ್ಮ ಓಟಕ್ಕೆ ಹೊಂದಲಿಲ್ಲವೆಂದೇ ಅರ್ಥ.

ಹಾಗಾದರೆ ಜರಡಿ ಇಲ್ಲದ ಹಳೆಯ ಡೀಸೆಲ್ ಕಾರು ಕೊಂಡರೆ? ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳಿಗೆ ಹಸಿರು ನ್ಯಾಯಮಂಡಳಿ 2015ರಲ್ಲಿ ತಡೆ ಹಾಕಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೆ ಅಲ್ಲಿನ ಕಾರುಗಳು ಕಡಿಮೆ ಬೆಲೆಗೆ ಬೇರೆ ರಾಜ್ಯಗಳಿಗೆ ಹರಿದವು. ಹೊರರಾಜ್ಯದ ಕಾರಿಗೆ ದಾವಣಗೆರೆಯ ಕೆಎ 17 ನಂಬರ್ ಹಾಕಿಸಲು ಇಲ್ಲಿ ಮತ್ತೆ ಆಜೀವ ತೆರಿಗೆ ಕಟ್ಟಬೇಕು. ಇಂಜೆಕ್ಟರ್, ಟರ್ಬೊ, ಕ್ಲಚ್ ಒಂದೊಂದಾಗಿ ಕೈಕೊಟ್ಟರೆ ಅಗ್ಗದ ಕಾರು ಅಗ್ಗವಾಗಿ ಉಳಿಯುವುದಿಲ್ಲ. ಕೊಳ್ಳಲೇಬೇಕಿದ್ದರೆ ಸರ್ವಿಸ್ ದಾಖಲೆ ನೋಡಿ, ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದು, ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ಹೊಗೆಯ ಬಣ್ಣ ನೋಡಿ.

ಗಾಳಿಯ ಲೆಕ್ಕ

ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದ ವಿಷಯವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. 2019ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ನಾಲ್ಕು ಹೆಸರುಗಳಿವೆ. ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ನಾಲ್ಕನೆಯದು ನಮ್ಮ ದಾವಣಗೆರೆ. ಗಾಳಿಯಲ್ಲಿನ ದೂಳಿನ ಕಣಗಳು ಮಿತಿ ಮೀರಿದ ನಗರಗಳ ಪಟ್ಟಿ ಅದು. ಲಾರಿ, ಆಟೊ, ಭಟ್ಟಿ, ರಸ್ತೆಯ ಮಣ್ಣು ಎಲ್ಲದರ ಪಾಲೂ ಅದರಲ್ಲಿದೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಖಚಿತವಾಗಿ ಹೇಳಿದೆ. ಬಿಎಸ್ 6 ಜರಡಿ ಸರಿಯಾಗಿ ಕೆಲಸ ಮಾಡಿದರೆ ಹೊಸ ಡೀಸೆಲ್ ಕಾರಿನಿಂದ ಮಸಿ ಬಹಳ ಕಡಿಮೆ. ಹಾಗಿದ್ದೂ ಕೆಲವರು ಕಟ್ಟಿಕೊಂಡ ಜರಡಿಯನ್ನು ಕೀಳಿಸಿ ಖಾಲಿ ಪೈಪು ಹಾಕಿಸುತ್ತಾರೆ. ಕೆಲವು ಸಾವಿರ ರೂಪಾಯಿ ಉಳಿಸಲು ಶಾಲೆಯ ಗೇಟಿನಲ್ಲಿ ನಿಂತ ಮಗುವಿನ ಎದೆಗೆ ಮಸಿ ಬಿಡುವುದು ಯಾವ ಲೆಕ್ಕದಲ್ಲೂ ಉಳಿತಾಯವಲ್ಲ.

ಡೀಸೆಲ್‌ನ ಪರವಾದ ಮಾತೂ ಇದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ, ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಮೇಲಿನ ಮೈಲೇಜ್ ಲೆಕ್ಕದಲ್ಲಿ ಕಿಲೋಮೀಟರಿಗೆ ಡೀಸೆಲ್‌ನದೇ ಶೇ 10ರಷ್ಟು ಕಡಿಮೆ. ಹೆದ್ದಾರಿಯಲ್ಲಿ ದೂರ ಓಡುವವರಿಗೆ ಅದು ಈಗಲೂ ಹೊಂದುವ ಇಂಧನ. ಊರಿಗೆ ಹೊಂದುವುದು ಪೆಟ್ರೋಲ್, ಸಿಎನ್‌ಜಿ ಅಥವಾ ವಿದ್ಯುತ್. ಹರಿಹರಕ್ಕೆ ಒಬ್ಬರೇ ಹೋಗಿ ಬರುವವರಿಗೆ ಬಸ್ಸಿದೆ, ರೈಲಿದೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವೂ ಇಲ್ಲ. ಎಷ್ಟೇ ಮೈಲೇಜ್ ಕೊಡುವ ಕಾರೂ ಅದನ್ನು ಮೀರಿಸಲಾರದು.

ಶೋರೂಂಗೆ ಹೋಗುವ ಮೊದಲು ಒಂದು ತಿಂಗಳು ಒಂದು ಕೆಲಸ ಮಾಡಿ. ಈಗಿರುವ ಬೈಕೋ ಕಾರೋ ಯಾವುದಾದರೂ ಸರಿ, ರಾತ್ರಿ ಮನೆಗೆ ಬಂದಾಗ ಮೀಟರ್ ನೋಡಿ ಆ ದಿನ ಎಷ್ಟು ಓಡಿತು, ಎಲ್ಲಿಗೆ ಓಡಿತು ಎಂದು ಪುಟ್ಟ ಪುಸ್ತಕದಲ್ಲಿ ಬರೆದಿಡಿ. ಬಾಡಿಗೆ ಕಾರಿನಲ್ಲಿ ಹೋದ ದೂರವನ್ನೂ ಸೇರಿಸಿ. ತಿಂಗಳ ಮೊತ್ತ ಎರಡು ಸಾವಿರ ಕಿಲೋಮೀಟರ್ ದಾಟಿ, ಅದರಲ್ಲಿ ಹೆಚ್ಚಿನದು ಹೆದ್ದಾರಿಯ ಓಟವಾಗಿದ್ದರೆ ಡೀಸೆಲ್ ಕಾರನ್ನು ಧೈರ್ಯವಾಗಿ ಕೇಳಿ. ಸಾವಿರದ ಒಳಗಿದ್ದರೆ ಆ ಒಂದೂವರೆ ಲಕ್ಷವನ್ನು ಬ್ಯಾಂಕಿನಲ್ಲೇ ಬಿಡಿ. ನಡುವೆ ಇದ್ದರೆ ನಿಮ್ಮೂರಿನ ಇಂದಿನ ದರ, ನಿಮ್ಮ ಕಾರಿನ ಆನ್‌ರೋಡ್ ಅಂತರ ಹಾಕಿ ಮೇಲಿನ ಲೆಕ್ಕವನ್ನು ಇನ್ನೊಮ್ಮೆ ಮಾಡಿ. ಮಾರುವವರು ಮೈಲೇಜ್ ಹೇಳತೊಡಗಿದಾಗ ಆ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟು ಮಾತು ಶುರುಮಾಡಿ.