ಮಾರ್ಕೆಟ್ ಯಾರ್ಡಿನ ಮಗ್ಗುಲಲ್ಲಿದ್ದೂ ಕಿರಾಣಿ ದುಬಾರಿ ಏಕೆ?

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಹಲವರು ದಿನವಿಡೀ ಜೋಳ, ಬೇಳೆಗಳ ಚೀಲ ಹೊರುವವರು. ಉಳಿದವರು ಅದರ ಲೆಕ್ಕ ಬರೆಯುವವರು. ಸಂಜೆ ಮನೆಗೆ ಹೋಗುವಾಗ ಅದೇ ಜೋಳವನ್ನು ಓಣಿಯ ಅಂಗಡಿಯಿಂದ ಎರಡೆರಡು ಕಿಲೋ ಕೊಳ್ಳುತ್ತಾರೆ. ಗುಲ್ಟೆಕಡಿಯ ಇಷ್ಟು ದೊಡ್ಡ ಪೇಟೆಯ ನೆರಳಿನಲ್ಲಿದ್ದೂ ಸಗಟು ದರದ ಲಾಭ ನಮಗೆ ಏಕಿಲ್ಲವೆಂಬುದನ್ನು ವಿಚಾರಿಸುವುದು ಅವಶ್ಯ.

ಮುಖ್ಯ ಕಾರಣ ಉದ್ರಿ. ಪಗಾರ ಕೈಗೆ ಬರುವ ಮೊದಲೇ ಹಿಟ್ಟಿನ ಡಬ್ಬಿ ಬರಿದಾಗಿರುತ್ತದೆ. ವಹಿಯಲ್ಲಿ ಬರೆಯಿಸಿ ಸಾಮಾನು ತರುತ್ತೇವೆ. ಉದ್ರಿ ತರುವವನು ದರ ಕೇಳಲಾರ, ತೂಕ ನೋಡಲಾರ, ಬೇರೆ ಅಂಗಡಿಗೂ ಹೋಗಲಾರ. ಅಂಗಡಿಯವರನ್ನು ದೂರಿ ಫಲವಿಲ್ಲ. ಅವರ ರೊಕ್ಕವೂ ತಿಂಗಳುಗಟ್ಟಲೆ ಸಿಕ್ಕಿಬಿದ್ದಿರುವುದರಿಂದ ಅದರ ಬಡ್ಡಿ ಮಾಲಿನ ದರದಲ್ಲಿ ಸೇರಿರುತ್ತದೆ. ವಹಿಯ ಬಾಕಿಯನ್ನು ಒಮ್ಮೆಗೇ ತೀರಿಸುವುದು ಯಾರಿಗೂ ಸುಲಭವಲ್ಲ. ಮೊದಲು ಜೋಳವೊಂದನ್ನಾದರೂ ನಗದಿಗೆ ತರುವ ರೂಢಿಯಾಗಲಿ. ಬೇಳೆ, ಎಣ್ಣೆ ಆಮೇಲೆ.

ಜೊತೆಗೆ ಪೇಟೆಯ ದರ ಓದಲು ಬರಬೇಕು. ಕಾಳುಕಡಿಯ ದರ ಕ್ವಿಂಟಲಿಗೆ, ಅಂದರೆ 100 ಕಿಲೋಗೆ. ಪುಣೆಯ ಮರಾಠಿ ಪತ್ರಿಕೆಗಳಲ್ಲಿ ಬರುವ ತರಕಾರಿಯ ಸಗಟು ದರ 10 ಕಿಲೋಗೆ. ಸೊಪ್ಪಿನದು ನೂರು ಕಟ್ಟಿಗೆ. ಇದನ್ನು ತಿಳಿಯದವರು ದರ ಓದಿ ಬೆಚ್ಚಿ ಹಿಂದಿರುಗುತ್ತಾರೆ. ಭುಸಾರ ವಿಭಾಗದ ಅಂಗಡಿಗಳಲ್ಲಿ ಚೀಲದ ವ್ಯಾಪಾರವೇ ಹೆಚ್ಚಾದುದರಿಂದ ಒಬ್ಬಂಟಿ ಗಿರಾಕಿಗೆ ಅಲ್ಲಿ ಅಷ್ಟು ಮನ್ನಣೆಯಿಲ್ಲ. ಆದುದರಿಂದ ನಾಲ್ಕು ಮನೆಯವರು ಕೂಡುವುದು ಲೇಸು.

ಒಂದು ಲೆಕ್ಕ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ದರ ದಿನದಿನಕ್ಕೆ ಬೇರೆ. ಜೋಳ ಓಣಿಯಲ್ಲಿ ಕಿಲೋಗೆ 50 ರೂಪಾಯಿ, ಸಗಟಿನಲ್ಲಿ 42 ಎಂದುಕೊಳ್ಳಿ. 50 ಕಿಲೋ ಚೀಲದಲ್ಲಿ ಉಳಿಯುವುದು 400. ತೊಗರಿಬೇಳೆಗೆ ಕಿಲೋಗೆ 15 ರೂಪಾಯಿ ಅಂತರವಿದ್ದರೆ 12 ಕಿಲೋಗೆ 180. ಒಟ್ಟು 580. ಇದರಲ್ಲಿ ರಿಕ್ಷಾ ಮತ್ತು ಹಮಾಲಿ 120, ಕಸಕಡ್ಡಿ ಆರಿಸಿದಾಗ ಹೋಗುವ ಒಂದು ಕಿಲೋ ಜೋಳದ 50 ಕಳೆದರೆ 410 ಉಳಿಯಿತು. ಮನೆಗೆ ನೂರರ ಮೇಲೆ ಎರಡೂವರೆ ರೂಪಾಯಿ, ವರ್ಷಕ್ಕೆ 1,230. ದೊಡ್ಡ ಮೊತ್ತವಲ್ಲ, ಆದರೆ ಮಕ್ಕಳ ಪುಸ್ತಕದ ಖರ್ಚಿಗೆ ಕೈ ಚಾಚುವುದು ತಪ್ಪೀತು. ಒಬ್ಬನೇ ಹೋಗಿ 10 ಕಿಲೋ ಜೋಳ ತಂದರೆ ಉಳಿಯುವ 80 ರೂಪಾಯಿ ರಿಕ್ಷಾಕ್ಕೇ ಸಾಲದು. ಸಗಟು ಅಂದ ಮಾತ್ರಕ್ಕೆ ಅಗ್ಗವಲ್ಲ. ಹಂಚಿಕೊಳ್ಳುವಾಗ ತಕ್ಕಡಿ ಇರಲಿ, ಚೀಟಿ ಎಲ್ಲರ ಮುಂದಿರಲಿ; ಸ್ನೇಹ ಕೆಡುವುದು ಕಾಲು ಕಿಲೋ ಬೇಳೆಯಿಂದಲೇ.

ಯಾವ ಮಾಲು ಯಾವ ಕಾಲಕ್ಕೆ ಎಂಬುದನ್ನು ಊರಿನಲ್ಲಿ ಒಕ್ಕಲುತನ ಕಂಡವರಿಗೆ ಹೇಳಬೇಕಾಗಿಲ್ಲ. ಹಿಂಗಾರಿ ಮಾಲದಂಡಿ ಜೋಳ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಕೊಯ್ಲಾಗಿ ಬರುತ್ತದೆ. ತೊಗರಿಯ ಸುಗ್ಗಿ ಅದಕ್ಕಿಂತ ತುಸು ಮುಂಚೆ. ಉಳ್ಳಾಗಡ್ಡಿಯ ವಿಷಯ ಮಾತ್ರ ಪಟ್ಟಣದಲ್ಲಿ ಹಲವರು ಮರೆತಿದ್ದಾರೆ. ಬೇಸಿಗೆಯಲ್ಲಿ ಕಿತ್ತ ಗಡ್ಡೆ ಗಾಳಿಯಾಡುವಲ್ಲಿ ಹರಡಿಟ್ಟರೆ ಕೆಲವು ತಿಂಗಳು ಬಾಳುತ್ತದೆ. ಮಳೆಗಾಲದ ಬೆಳೆಯಲ್ಲಿ ನೀರಿನಂಶ ಹೆಚ್ಚು. ಅದನ್ನು ಚೀಲಗಟ್ಟಲೆ ತಂದರೆ ಕೊಳೆತು ಕೋಣೆಯೇ ನಾರುತ್ತದೆ. ಕಾಳನ್ನು ಬಿಸಿಲಿಗೆ ಒಣಗಿಸಿ, ಆರಿದ ಮೇಲೆ ತಗಡಿನ ಡಬ್ಬಿಗೆ ತುಂಬಿ, ನೆರಳಲ್ಲಿ ಒಣಗಿದ ಬೇವಿನೆಲೆ ಹಾಕಿಡಬೇಕು. ಸೋರುವ ಕೋಣೆಯಲ್ಲಿರುವವರು ಮಳೆಗಾಲದಲ್ಲಿ ಒಂದು ತಿಂಗಳಿಗಿಂತ ಹೆಚ್ಚಿನ ಸಂಗ್ರಹಕ್ಕೆ ಹೋಗದಿರುವುದು ಒಳಿತು.

ಕುಟುಂಬವಿಲ್ಲದೆ ಇರುವ ಹಮಾಲ ಬಂಧುಗಳಿಗೆ ಈ ಚೀಲದ ಲೆಕ್ಕ ಹೊಂದದು. ಹಮಾಲ್ ಪಂಚಾಯತ್ 1974ರಲ್ಲಿ ಆರಂಭಿಸಿದ 'ಕಷ್ಟಾಚೀ ಭಾಕರ' ಇಂಥವರಿಗೆ ಕಡಿಮೆ ದರದಲ್ಲಿ ಊಟ ದೊರೆಯಲೆಂದೇ ಹುಟ್ಟಿದುದು. ಗ್ಯಾಸು, ಎಣ್ಣೆ, ವೇಳೆ ಎಲ್ಲವನ್ನೂ ಎಣಿಸಿದರೆ ಒಬ್ಬನಿಗಾಗಿ ಒಲೆ ಹಚ್ಚುವುದು ಎಷ್ಟೋ ಸಲ ದುಬಾರಿಯೇ.

ಕೊನೆಯದಾಗಿ ಪಡಿತರ. "ನಮ್ಮ ಕಾರ್ಡು ಊರಲ್ಲಿದೆ, ಇಲ್ಲೇನು ಉಪಯೋಗ?" ಎಂದು ಕೇಳುವವರು ಇನ್ನೂ ಇದ್ದಾರೆ. ಕರ್ನಾಟಕ, ಮಹಾರಾಷ್ಟ್ರಗಳೆರಡೂ 2020ರ ಜನವರಿಯಿಂದ 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆಯಲ್ಲಿವೆ. 2013ರ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಆದ್ಯತಾ ಕುಟುಂಬದ ಪ್ರತಿ ವ್ಯಕ್ತಿಗೆ ತಿಂಗಳಿಗೆ 5 ಕಿಲೋ ಧಾನ್ಯವುಂಟು. 2023ರ ಜನವರಿಯಿಂದ ಅದು ಉಚಿತ. ಆಧಾರ್ ಜೋಡಣೆಯಾಗಿದ್ದರೆ ಕಾರ್ಡನ್ನು ಇಲ್ಲಿಗೆ ವರ್ಗಾಯಿಸದೆಯೇ, ಪುಣೆಯ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಪಡೆಯಬಹುದು. ಪೂರ್ತಿ ಇಲ್ಲಿಯೇ ಎತ್ತಬೇಕೆಂದಿಲ್ಲ. ಗಂಡಹೆಂಡತಿ ಇಲ್ಲಿದ್ದು ತಂದೆತಾಯಿ ಊರಲ್ಲಿದ್ದರೆ, ಇಲ್ಲಿ 10 ಕಿಲೋ ಪಡೆದು ಉಳಿದುದನ್ನು ಹಿರಿಯರಿಗೆ ಅಲ್ಲಿಯೇ ಬಿಡಬಹುದು. ಮುಂಚಿತವಾಗಿ ಮನೆಗೆ ತಿಳಿಸಿರಿ. ಇಲ್ಲಿ ಎತ್ತಿದ ಪಾಲು ಅಲ್ಲಿ ಸಿಗದೆ ಹಿರಿಯರು ಅಂಗಡಿಯ ಮುಂದೆ ಗಾಬರಿಯಾಗಬಾರದು. ಕರ್ನಾಟಕ ಸರಕಾರ ತನ್ನ ಕಡೆಯಿಂದ ಕೊಡುವ ಹೆಚ್ಚಿನ ಪಾಲು ಇಲ್ಲಿ ದೊರೆಯುವುದಿಲ್ಲ. ವಿಚಾರಿಸಲು 14445ಕ್ಕೆ ಫೋನು ಮಾಡಬಹುದು. ಮರಾಠಿ ಫಲಕ ಓದಲು, ಆಧಾರ್ ಜೋಡಣೆ ಆಗಿದೆಯೇ ಎಂದು ನೋಡಿಸಲು ತೊಂದರೆಯಿರುವವರು ಕಾರ್ಡಿನ ಪ್ರತಿಯೊಡನೆ ಭಾನುವಾರ ಸಂಜೆ ವಾಚನಾಲಯಕ್ಕೆ ಬಂದರೆ ನಾವು ಜೊತೆಯಲ್ಲಿ ಕುಳಿತು ನೋಡಿಕೊಡುತ್ತೇವೆ.